ನಿಧಾನದವರ ಸಾಲು

ದಸರೆಗೆ ಲೋಕವೆಲ್ಲ ಮೈಸೂರಿಗೆ ಬರುತ್ತದೆ. ಬರಲಿ, ಸಂತೋಷ. ಆದರೆ ಆಗ ಮೈಸೂರಿನವರು ಎಲ್ಲಿಗೆ ಹೋಗಬೇಕು ಎಂದು ಇವತ್ತಿನವರೆಗೆ ಯಾರೂ ಯೋಚಿಸಿದ ಹಾಗಿಲ್ಲ. ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳನ್ನು ನೋಡಲು ಬಂದ ನೆಂಟರು, ಬಲ್ಬು ಆರಿದ ಮೇಲೆ ನಮ್ಮ ಮನೆಯ ಬಲ್ಬು ಹಾಕಿಸುತ್ತಾರೆ. ಶರತ್ಕಾಲವೆಂದರೆ ಮಳೆ ನಿಂತು, ಆಕಾಶ ತೊಳೆದಂತಾಗಿ, ಕೆರೆಯ ನೀರು ಕದಡದೆ ನಿಲ್ಲುವ ಕಾಲ ಎಂದು ಹಳೆಗನ್ನಡದ ಕವಿಗಳು ಬರೆದರು. ಅವರಲ್ಲಿ ಒಬ್ಬರಿಗೂ ಸರಸ್ವತಿಪುರಂನಲ್ಲಿ ಸ್ವಂತ ಮನೆ ಇದ್ದಿರಲಾರದು.

2025ರಲ್ಲಿ ದಸರೆ ಹತ್ತು ದಿನದ್ದಲ್ಲ, ಹನ್ನೊಂದು ದಿನದ್ದು. ಸೆಪ್ಟೆಂಬರ್ 22ಕ್ಕೆ ಶುರು, ಅಕ್ಟೋಬರ್ 2ಕ್ಕೆ ವಿಜಯದಶಮಿ. ತಿಥಿ ಒಂದು ಹೆಚ್ಚಿತು ಎಂದರೆ ನೆಂಟರ ತಂಡ ಒಂದು ಹೆಚ್ಚಿತು ಎಂದೇ ಲೆಕ್ಕ. ಪಂಚಾಂಗ ನೋಡಿದ ದಿನವೇ ನಾನು ಮನೆಯಲ್ಲಿ ಘೋಷಿಸಿದೆ: ಈ ಸಲ ನಾವು ಊರಿನಲ್ಲಿರುವುದಿಲ್ಲ. ಕೇರಳಕ್ಕೆ ಹೋಗುತ್ತೇವೆ. ಕೊಚ್ಚಿ, ಅಲ್ಲಿಂದ ತಿರುವನಂತಪುರ. ನೋಡುವುದಕ್ಕಲ್ಲ, ನಿಧಾನವಾಗುವುದಕ್ಕೆ. ಮಗ ಟ್ಯೂಷನ್ನಿನಿಂದ ಕೋಚಿಂಗಿಗೆ, ಕೋಚಿಂಗಿನಿಂದ ಕ್ರಿಕೆಟ್ಟಿಗೆ ಓಡುತ್ತಾನೆ. ಮಗಳು ಊಟ ಮಾಡುತ್ತಲೇ ಶೂ ಹಾಕಿಕೊಳ್ಳುತ್ತಾಳೆ. ಒಂದು ಕುಟುಂಬವೆಂದರೆ ಹೀಗಿರಬಾರದು. ಎಲ್ಲರೂ ಸ್ವಲ್ಪ ಸಮಾಧಾನ ಕಲಿಯಬೇಕು. ಬೇಗ ಬೇಗ ಬ್ಯಾಗು ಕಟ್ಟಿ ಎಂದೆ.

ಹೆಂಡತಿ ಕಾಸರಗೋಡಿನ ಕಡೆಯ ಕುಂಬಳೆಯವಳು. ಅವಳ ತವರಿನ ಹತ್ತಿರದಲ್ಲೇ ಅನಂತಪುರದ ಕೆರೆ ದೇವಸ್ಥಾನ. ತಿರುವನಂತಪುರದ ಪದ್ಮನಾಭನಿಗೆ ಅದೇ ಮೂಲಸ್ಥಾನವೆಂದು ಆ ಕಡೆಯವರ ನಂಬಿಕೆ. ಹಾಗಾಗಿ ಅವಳ ಪ್ರಕಾರ ತಿರುವನಂತಪುರ ಕುಂಬಳೆಯ ಒಂದು ಶಾಖೆ. ಆ ಕೆರೆಯಲ್ಲಿ ಬಬಿಯಾ ಎಂಬ ಮೊಸಳೆಯೊಂದಿತ್ತು. ನೈವೇದ್ಯದ ಅನ್ನ ತಿಂದುಕೊಂಡು, ಯಾರ ತಂಟೆಗೂ ಹೋಗದೆ ಬದುಕಿ, 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ಅಳಿಯನಿಗೆ ಬುದ್ಧಿ ಹೇಳಬೇಕಾದಾಗೆಲ್ಲ ನನ್ನ ಅತ್ತೆಯವರು ಕೊಡುವ ಉದಾಹರಣೆ ಬಬಿಯಾ. “ಅದು ಒಂದು ದಿನವೂ ಟೈಮ್ ಎಷ್ಟಾಯಿತು ಅಂತ ಕೇಳಿದ್ದಿಲ್ಲ,” ಎನ್ನುತ್ತಾರೆ. ಅಳಿಯನನ್ನು ಮೊಸಳೆಗೆ ಹೋಲಿಸುವ ಅತ್ತೆಯರನ್ನು ನಾನು ಬಲ್ಲೆ. ಮೊಸಳೆಗಿಂತ ಕಡೆ ಎನ್ನುವವರು ನನಗೆ ಮಾತ್ರ ಸಿಕ್ಕಿದ್ದಾರೆ.

ತಕರಾರು ಬಂದದ್ದು ನನ್ನ ಅಮ್ಮನಿಂದ. ನವರಾತ್ರಿಗೆ ಪಟ್ಟದ ಗೊಂಬೆ ಕೂರಿಸದೆ ಇರಲು ಸಾಧ್ಯವೇ ಇಲ್ಲ. ಮದುವೆಯಲ್ಲಿ ತವರಿನವರು ಕೊಟ್ಟ ರಕ್ತಚಂದನದ ರಾಜ ರಾಣಿ. ಅಪ್ಪ ತೀರಿಕೊಂಡ ವರ್ಷವೂ ಅಮ್ಮ ಒಂದು ಮಣೆಯ ಮೇಲೆ ಬರೀ ಅವೆರಡನ್ನಿಟ್ಟು ದೀಪ ಹಚ್ಚಿದ್ದರು. “ನಾನು ಬರ್ತೀನಿ, ಅವರೂ ಬರ್ತಾರೆ,” ಎಂದರು. ಹಾಗೆ ರಾಜ ರಾಣಿಯರನ್ನು ಟರ್ಕಿ ಟವೆಲಿನಲ್ಲಿ ಸುತ್ತಿ, ಅಮ್ಮನ ಕೈಚೀಲದಲ್ಲಿಟ್ಟು, ಮೈಸೂರಿನಿಂದಲೇ ಹೊರಟು ಬೆಂಗಳೂರು ಸುತ್ತಿಕೊಂಡು ಹೋಗುವ ರೈಲು ಹತ್ತಿದೆವು. ಟಿಕೆಟ್ ಪರೀಕ್ಷಕರು ಬಂದಾಗ ಅಮ್ಮ ಚೀಲವನ್ನು ಸ್ವಲ್ಪ ಒಳಕ್ಕೆ ಎಳೆದುಕೊಂಡರು. ಇಬ್ಬರಿಗೆ ಟಿಕೆಟ್ ಇಲ್ಲವಲ್ಲ ಎಂಬ ಅಳುಕು.

ಕೊಚ್ಚಿಯ ವಿಷಯ ಚುಟುಕಾಗಿ ಮುಗಿಸುತ್ತೇನೆ, ಏಕೆಂದರೆ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನಾವು ಉಳಿದ ಜಾಗದವರು ‘ಶರತ್ಕಾಲದ ಕುಟುಂಬ ಪ್ರಶಾಂತಿ’ ಎಂಬ ಪ್ಯಾಕೇಜು ಮಾರುತ್ತಿದ್ದರು. ಕೈಗೆ ಕೊಟ್ಟ ಕಾಗದದ ಮೇಲೆ ಕೆಂಪು ಮೇಪಲ್ ಎಲೆಗಳು. ಊಟದ ಮನೆಯ ತೋರಣದಲ್ಲೂ ಮೇಪಲ್ ಎಲೆ, ಪ್ಲಾಸ್ಟಿಕ್ಕಿನದು. ಹೊರಗೆ ಕನ್ನಿ ತಿಂಗಳ ಬಿಸಿಲು ಚುರುಗುಟ್ಟುತ್ತಿದೆ, ತೆಂಗು ಹಲಸು ಹಸಿರಾಗಿ ನಿಂತಿವೆ, ಇನ್ನು ಕೆಲವು ವಾರಕ್ಕೆ ತುಲಾವರ್ಷದ ಗುಡುಗು ಶುರುವಾಗುತ್ತದೆ. ಇವರಿಗೆ ಎಲೆ ಉದುರಿಸಿಕೊಳ್ಳಲು ಕೆನಡಾ ಬೇಕು! ಬೆಳಗಿನ ತಿಂಡಿಗೆ ಒಬ್ಬರು ತಜ್ಞೆ ಬಂದು ಪ್ರತಿ ತುತ್ತನ್ನೂ ಮೂವತ್ತೆರಡು ಸಲ ಅಗಿಯಿರಿ, ಕುಟುಂಬವೇ ಒಟ್ಟಾಗಿ ಅಗಿಯಿರಿ ಎಂದರು. ಪುಟ್ಟು ಕಡಲೆಯನ್ನು ಮೂವತ್ತೆರಡು ಸಲ ಅಗಿದವರು ಕೇರಳದಲ್ಲಿ ಹುಟ್ಟಿಲ್ಲ. ಅಮ್ಮ ಹಲ್ಲಿನ ಸೆಟ್ಟು ತೆಗೆದು ಕರವಸ್ತ್ರದ ಮೇಲಿಟ್ಟು, “ನೀವೇ ಅಗಿಯಿರಿ, ನಾನು ಎಣಿಸ್ತೀನಿ,” ಎಂದರು. ನಮ್ಮ ಮನೆಯವರಿಗೆ ನಿಧಾನ ಕಲಿಸಿದ್ದಕ್ಕೆ ಆಕೆಯ ಸಂಸ್ಥೆ ಗಂಟೆಯ ಲೆಕ್ಕದಲ್ಲಿ ಬಿಲ್ಲು ಹಾಕಿತ್ತು. ಸಂಸಾರಸ್ಥರ ಸುಸ್ತನ್ನು ಕಂಡು ಅಂಗಡಿ ತೆರೆಯುವವರ ಬಗ್ಗೆ ನನಗೆ ಹೇಳಲಿಕ್ಕೆ ಬಹಳ ಇದೆ, ಹೇಳಿದರೆ ಇದು ಲಲಿತ ಪ್ರಬಂಧವಾಗಿ ಉಳಿಯುವುದಿಲ್ಲ.

ಫೋರ್ಟ್ ಕೊಚ್ಚಿಯ ಚೀನಾ ಬಲೆಗಳ ಮುಂದೆ ಮಾತ್ರ ಒಂದು ಗಂಟೆ ಚೆನ್ನಾಗಿ ಕಳೆಯಿತು. ತೇಗದ ಕಂಬಗಳ ಆ ದೊಡ್ಡ ತಕ್ಕಡಿ ನೀರಿಗೆ ಬಾಗುತ್ತದೆ, ಹಗ್ಗಕ್ಕೆ ಕಟ್ಟಿದ ಕಲ್ಲುಗಳ ಭಾರದಲ್ಲಿ ನಾಲ್ಕೈದು ಜನ ಜಗ್ಗಿದರೆ ಮೇಲೇಳುತ್ತದೆ. ಬಲೆಯಲ್ಲಿ ಒಂದು ಮುಷ್ಟಿ ಮೀನು, ಕೆಲವು ಸಲ ಅದೂ ಇಲ್ಲ, ಮತ್ತೆ ಇಳಿಸುತ್ತಾರೆ. ನೋಡಿ ಮಕ್ಕಳೇ, ಫಲದ ಚಿಂತೆಯಿಲ್ಲದ ಕರ್ಮ ಎಂದು ನಾನು ಆರಂಭಿಸಿದ್ದೆ. ಮಗ, “ಮೋಟರ್ ಹಾಕಬಹುದಿತ್ತು,” ಎಂದ. ಅಲ್ಲಿಂದ ವಾಟರ್ ಮೆಟ್ರೊ ಹತ್ತಿದೆವು. 2023ರ ಏಪ್ರಿಲಿನಲ್ಲಿ ಶುರುವಾದ ಬ್ಯಾಟರಿ ದೋಣಿಗಳು. ಸದ್ದಿಲ್ಲ, ಹೊಗೆಯಿಲ್ಲ, ಹವಾನಿಯಂತ್ರಣವೂ ಇದೆ. ಅಮ್ಮ ಕೂತಲ್ಲೇ ನಿದ್ದೆ ಹೋದರು. ಪ್ರಶಾಂತಿಯ ಪ್ಯಾಕೇಜಿನಲ್ಲಿ ಆಗದ ಕೆಲಸ ದೋಣಿಯ ಟಿಕೆಟ್ಟಿನಲ್ಲಿ ಆಯಿತು.

ಎರ್ನಾಕುಳಂನಿಂದ ತಿರುವನಂತಪುರದ ರೈಲು ತಡವಾಗಿ ಹೊರಟು, ದಾರಿಯಲ್ಲಿ ಇನ್ನಷ್ಟು ತಡವಾಯಿತು. ನಾನು ಇನ್ನೇನು ಬರುವ ಕೊಲ್ಲಂನ ದಾರಿ ಕಾಯುತ್ತ ಗಡಿಯಾರ ನೋಡುತ್ತ, ಈ ಜನಕ್ಕೆ ಸಮಯದ ಬೆಲೆಯೇ ಗೊತ್ತಿಲ್ಲ ಎಂದು ಗೊಣಗುತ್ತಿದ್ದೆ. ಎದುರಿನ ಹಿರಿಯರೊಬ್ಬರು ನನ್ನ ಹೆಂಡತಿಯೊಡನೆ ಮಲಯಾಳದಲ್ಲಿ ಏನೋ ಹೇಳಿದರು, ಅವಳ ಮುಖ ಸಣ್ಣದಾಯಿತು. ರೈಲು ಅಷ್ಟಮುಡಿ ಕಾಯಲಿನ ಮೇಲೆ ಬರುತ್ತಿತ್ತು. ಪೆರುಮಣ್ ಸೇತುವೆ. 1988ರ ಜುಲೈ 8ರಂದು ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೊರಟಿದ್ದ ಐಲ್ಯಾಂಡ್ ಎಕ್ಸ್‌ಪ್ರೆಸ್ಸಿನ ಬೋಗಿಗಳು ಇಲ್ಲೇ ನೀರಿಗೆ ಬಿದ್ದವು. 105 ಜನ ಸತ್ತರು. ಸುಳಿಗಾಳಿಯೇ ಕಾರಣವೆಂದು ಅಧಿಕೃತ ವರದಿ ಹೇಳಿತು. ಅಂಥ ಗಾಳಿಯನ್ನು ಕಂಡವರು ಯಾರು ಎಂದು ಈ ಊರುಗಳಲ್ಲಿ ಕೇಳುವವರು ಇವತ್ತೂ ಇದ್ದಾರೆ. ಅಮ್ಮ ಕೇಳಿದರು: “ನಮ್ಮ ಕಡೆಯವರೂ ಇದ್ದರಾ?” ಬೆಂಗಳೂರಿನಿಂದ ಹೊರಟ ರೈಲು, ಇರದೆ ಇರುತ್ತಾರೆಯೇ. ಕಿಟಕಿಯ ಹೊರಗೆ ನೀರು ಮುಗಿಯುವ ತನಕ ನಮ್ಮಲ್ಲಿ ಯಾರೂ ಮಾತಾಡಲಿಲ್ಲ, ನಾನು ಗಡಿಯಾರ ನೋಡಲಿಲ್ಲ. ಆಮೇಲೆ ನೋಡಿದೆ. ನಲವತ್ತು ನಿಮಿಷ ತಡ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ನಾನು ತಿರುವನಂತಪುರವನ್ನು ಆರಿಸಿದ್ದಕ್ಕೆ ಒಂದು ಗುಟ್ಟಾದ ಕಾರಣವಿತ್ತು. ಪದ್ಮನಾಭಸ್ವಾಮಿ ದೇವಸ್ಥಾನದ ಪೂರ್ವ ಗೋಪುರಕ್ಕೆ ಏಳು ಅಂತಸ್ತು, ನೂರು ಅಡಿಯ ಆಸುಪಾಸಿನ ಎತ್ತರ. ನಡುವೆ ಒಂದರ ಕೆಳಗೊಂದು ಕಿಟಕಿಗಳು. ಹಗಲು ರಾತ್ರಿ ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರಿನ ಆ ದಿನಗಳಲ್ಲಿ ಮಾತ್ರ, ಮುಳುಗುವ ಸೂರ್ಯ ಈ ಕಿಟಕಿಗಳಲ್ಲಿ ಒಂದೊಂದಾಗಿ ಕಾಣಿಸಿಕೊಳ್ಳುತ್ತ ಕೆಳಗಿಳಿಯುತ್ತಾನೆ. ಗೋಪುರ ನೇರವಾಗಿ ಪೂರ್ವ ಪಶ್ಚಿಮಕ್ಕೆ ನಿಂತಿರುವುದು ಒಂದು ಕಾರಣ. ತಿರುವನಂತಪುರ ಭೂಮಧ್ಯರೇಖೆಯಿಂದ ಬರೀ ಎಂಟೂವರೆ ಡಿಗ್ರಿ ಮೇಲಿರುವುದು ಇನ್ನೊಂದು. ಅಲ್ಲಿ ಸೂರ್ಯ ಓರೆಯಾಗಿ ಜಾರದೆ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಎಲೆ ಉದುರದ ನಾಡಿನಲ್ಲಿ ಶರತ್ಕಾಲ ಬಂದುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಬೇಕೇ? 2025ರಲ್ಲಿ ಆ ದಿನ ಸೆಪ್ಟೆಂಬರ್ 22ಕ್ಕೇ ಬಿದ್ದಿತ್ತು, ನಮ್ಮ ನವರಾತ್ರಿಯ ಮೊದಲ ದಿನವೂ ಅದೇ. ನಾನು ಮೈಸೂರಿನಲ್ಲೇ ಒಂದು ವೇಳಾಪಟ್ಟಿ ಮಾಡಿ ಲ್ಯಾಮಿನೇಷನ್ ಮಾಡಿಸಿದ್ದೆ. ಅದರಲ್ಲಿ ಆ ಸಂಜೆಗೆ ಹೀಗೆ ಬರೆದಿತ್ತು: ‘5.45ರಿಂದ 6.15: ಸೂರ್ಯನೊಡನೆ ಕುಟುಂಬದ ಮೌನ.’

ಬೆಳಿಗ್ಗೆ ಹೋಟೆಲಿನ ಟಿವಿಯ ಕೆಳಗಿನ ಹಲಗೆಯ ಮೇಲೆ ಪಟ್ಟದ ಗೊಂಬೆಗಳು ಕುಳಿತವು. ಕೆಳಗೆ ಹಾಸಲು ಒದ್ದೆಯಾಗದ್ದು ಏನಾದರೂ ಬೇಕಿತ್ತು. ಅಮ್ಮ ನನ್ನ ವೇಳಾಪಟ್ಟಿಯನ್ನು ಹಾಸಿದರು. ಕೋಣೆ ಗುಡಿಸಲು ಬಂದ ಹುಡುಗ ನೋಡಿ, “ಬೊಮ್ಮಕ್ಕೊಲು!” ಎಂದು ಹಲ್ಲು ಬಿಟ್ಟು, ಸ್ವಲ್ಪ ಹೊತ್ತಿನಲ್ಲಿ ಒಂದು ಮೊಳ ಮಲ್ಲಿಗೆ ತಂದುಕೊಟ್ಟ. ಅಂದಿನ ಮುಂದಿನ ಕಾರ್ಯಕ್ರಮಗಳೆಲ್ಲ ರಾಜ ರಾಣಿಯರ ಕಾಲ ಕೆಳಗೆ ಸೇರಿದ್ದರಿಂದ ನಾನು ನೆನಪಿನ ಮೇಲೆಯೇ ನಡೆಸಬೇಕಾಯಿತು.

ದೇವಸ್ಥಾನದ ಮುಂದಿನ ಕಿಳಕ್ಕೇಕೋಟ್ಟ ತಲುಪಿದಾಗ ಐದೂಮುಕ್ಕಾಲು. ಆಗಲೇ ಜನ. ಈ ನೋಟದ ಕಷ್ಟವೇನೆಂದರೆ, ಗೋಪುರದ ನಡುಗೆರೆಯ ಮೇಲೆ ನಿಂತವರಿಗೆ ಮಾತ್ರ ಕಿಟಕಿಯಲ್ಲಿ ಸೂರ್ಯ ಸಿಗುತ್ತಾನೆ, ಎರಡು ಹೆಜ್ಜೆ ಆಚೀಚೆಯಾದರೆ ಬರೀ ಕಲ್ಲು. ಮುಂದಿನ ಜಾಗವನ್ನೆಲ್ಲ ಕ್ಯಾಮೆರಾದ ಮುಕ್ಕಾಲಿಗಳು ಹಿಡಿದಿದ್ದವು. ಐದು ಜನ ಪಕ್ಕಪಕ್ಕ ನಿಲ್ಲುವಂತಿರಲಿಲ್ಲ. ಆಗ ನನ್ನ ತಲೆಗೆ ಹೊಳೆಯಿತು: ಒಬ್ಬರ ಹಿಂದೆ ಒಬ್ಬರು ನಿಲ್ಲಬೇಕು. ಎತ್ತರದ ಪ್ರಕಾರ. ಮಗಳು, ಮಗ, ಅಮ್ಮ, ಹೆಂಡತಿ, ಕೊನೆಯಲ್ಲಿ ನಾನು. ನಿಲ್ಲಿಸಿದೆ. ಮುಂದಿನವರ ಹೆಗಲಿನ ಮೇಲೆ ಕೈ ಇಟ್ಟುಕೊಂಡು ಗೆರೆ ತಪ್ಪದಂತೆ ನೋಡಿಕೊಂಡೆ. ಅಮ್ಮ ಹಿಂದಿರುಗಿ, “ಸೀಮೆಎಣ್ಣೆ ಕೊಡ್ತಾರೇನೋ?” ಎಂದರು. ಮೌನ ಎಂದೆ.

ಮೌನದಲ್ಲಿ ಒಂದು ನಿಮಿಷ ಕಳೆದಿರಬಹುದು. ನನ್ನ ಹೆಗಲಿನ ಮೇಲೆ ಒಂದು ಕೈ ಬಿತ್ತು.

ತಿರುಗಿ ನೋಡಿದರೆ ಯಾರೋ ಯಜಮಾನರು, ಅವರ ಹಿಂದೆ ಅವರ ಶ್ರೀಮತಿ, ಅವರ ಹಿಂದೆ ಮೂರು ಮಕ್ಕಳು, ಒಬ್ಬರ ಹೆಗಲಿನ ಮೇಲೆ ಒಬ್ಬರು ಕೈಯಿಟ್ಟು ನಿಂತಿದ್ದಾರೆ. “ದರ್ಶನತ್ತುಕ್ಕಾ?” ಎಂದರು. ನಾಗರಕೋಯಿಲಿನವರಂತೆ. ನಾನು ಕೈಯಿಂದ ಗೋಪುರ ತೋರಿಸಿ, ಸೂರ್ಯನನ್ನು ತೋರಿಸಿ, ಕಿಟಕಿಯನ್ನು ತೋರಿಸಿದೆ. ಅವರು ಭಕ್ತಿಯಿಂದ ಕೈಮುಗಿದರು. ಅವರ ಹಿಂದೆ ಅಷ್ಟರಲ್ಲಿ ಇಬ್ಬರು ಮುಂಡಿನವರು ಬಂದು ನಿಂತಿದ್ದರು. ಅವರ ಹಿಂದೆ ಲೋಟದಲ್ಲಿ ಚಹಾ ಹಿಡಿದಿದ್ದ ಒಬ್ಬ. ಸಾಲು ಕಂಡರೆ ಮೊದಲು ನಿಂತು ಆಮೇಲೆ ಕೇಳುವುದು ನಮ್ಮ ದೇಶದ ರೂಢಿ. ಒಳ್ಳೆಯದೇ, ಎಷ್ಟೋ ಪ್ರಸಾದಗಳು ಹಾಗೇ ಸಿಕ್ಕಿವೆ. ನನ್ನ ಹೆಂಡತಿ ಹಿಂದಕ್ಕೆ ಹೋಗಿ ಮಲಯಾಳದಲ್ಲಿ ವಿವರಿಸಿದಳು: ಇದು ಸಾಲಲ್ಲ, ಇದು ನಮ್ಮ ಸಂಸಾರ. ಎಲ್ಲರೂ ತಲೆಯಾಡಿಸಿದರು. ಒಬ್ಬರೂ ಕದಲಲಿಲ್ಲ. ಬಿಟ್ಟುಹೋದ ಮೇಲೆ ನಿಜವಾಗಿಯೂ ಏನಾದರೂ ಕೊಟ್ಟರೆ?

ಅಷ್ಟು ಹೊತ್ತಿಗೆ ಮೇಲಿನ ಕಿಟಕಿಯಲ್ಲಿ ಸೂರ್ಯ ಬಂದ. ಇಡೀ ಬೀದಿ ‘ಹೋ’ ಎಂದಿತು. ನಮ್ಮ ಸಾಲೂ ಎಂದಿತು. ನನ್ನ ಕಿಸೆಯ ಫೋನೂ ಎಂದಿತು.

ಅರಸೀಕೆರೆಯ ಚಿಕ್ಕಪ್ಪನ ಮಗ. ಮೈಸೂರಿನಲ್ಲಿ ನಮ್ಮ ಗೇಟಿನ ಮುಂದೆ ನಿಂತಿದ್ದಾನೆ, ಹೆಂಡತಿ ಮಕ್ಕಳು ಮಾವ ಅತ್ತೆ ಸಮೇತ. “ಬೀಗ ಹಾಕಿದೆಯಲ್ಲೋ?” ಎಂದ. ನಾನು ಪಿಸುದನಿಯಲ್ಲಿ, ನಾವು ನಿಧಾನವಾಗಲಿಕ್ಕೆ ತಿರುವನಂತಪುರಕ್ಕೆ ಬಂದಿದ್ದೇವೆ ಎಂದೆ. “ಜೋರಾಗಿ ಹೇಳು!” ಎಂದ. ಜೋರಾಗಿ ಹೇಳಿದೆ. ಸೂರ್ಯ ಕಿಟಕಿ ಬಿಟ್ಟು ಕಲ್ಲಿನ ಹಿಂದೆ ಹೋದ. ಕೀಲಿಕೈ ಪಕ್ಕದ ಮನೆಯಲ್ಲಿದೆ ಎಂದು ಹೇಳುವಷ್ಟರಲ್ಲಿ ಎರಡನೆಯ ಕಿಟಕಿಯಲ್ಲಿ ಬಂದು ಅಲ್ಲೂ ಅರ್ಧ ಮುಗಿಸಿದ್ದ. “ಫಿಲ್ಟರ್ ಎಲ್ಲಿದೆ?” ಎಂಬ ಪ್ರಶ್ನೆಗೆ ಉತ್ತರ ಕೊಡುವಾಗ ಒಂದು ಮೋಡದ ಚೂರು ಅಡ್ಡ ಬಂತು. ನಾಗರಕೋಯಿಲಿನ ಯಜಮಾನರು ಹಿಂದಿನಿಂದ ನನ್ನ ಹೆಗಲನ್ನು ಮೆಲ್ಲಗೆ ಒತ್ತಿ ನೆಟ್ಟಗೆ ನಿಲ್ಲಿಸಿದರು, ನಾನು ಮಾತಿನ ಭರದಲ್ಲಿ ಗೆರೆ ತಪ್ಪಿದ್ದೆ.

ಆಗ ಒಬ್ಬ ಪೊಲೀಸಿನವರು ಬಂದರು. ಸಾಲಿನ ಬಾಲ ರಸ್ತೆಗೆ ಅಡ್ಡವಾಗಿತ್ತಂತೆ. ಇದು ಯಾವುದರ ಸಾಲು, ಯಾರು ಶುರು ಮಾಡಿದರು ಎಂದು ಕೇಳುತ್ತ ಕೊನೆಯಿಂದ ಮುಂದಕ್ಕೆ ಬಂದರು. ಪ್ರತಿಯೊಬ್ಬರೂ ತಮ್ಮ ಮುಂದಿನವರನ್ನು ತೋರಿಸಿದರು. ಬೆರಳುಗಳು ಹೀಗೆ ದಾಟಿ ದಾಟಿ ನನ್ನವರೆಗೆ ಬಂದವು. ನಾನು ಹೆಂಡತಿಯನ್ನು ತೋರಿಸಿದೆ. ಅವಳು ಅಮ್ಮನನ್ನು, ಅಮ್ಮ ಮೊಮ್ಮಗನನ್ನು, ಅವನು ತಂಗಿಯನ್ನು. ಎಲ್ಲರಿಗಿಂತ ಮುಂದಿದ್ದ ಏಳು ವರ್ಷದ ಮಗಳು ಸ್ವಲ್ಪವೂ ಅಳುಕದೆ ಸೂರ್ಯನನ್ನು ತೋರಿಸಿದಳು. ಪೊಲೀಸಿನವರು ಅತ್ತ ನೋಡಿದರು. ಮೋಡ ಸರಿದಿತ್ತು, ಕಿಟಕಿಯ ತುಂಬ ಕೆಂಪಗೆ ಇದ್ದ. ಅವರು ಏನೂ ಹೇಳದೆ, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಮಗಳ ಹಿಂದೆ ಒಂದಿಷ್ಟು ಜಾಗ ಮಾಡಿಕೊಂಡು ಸಾಲಿನಲ್ಲಿ ನಿಂತುಬಿಟ್ಟರು.

ನನಗೆ ಅವರ ಬೆನ್ನು ಕಂಡಿತು. ಸೂರ್ಯ ಕಾಣಲಿಲ್ಲ. ಅವರು ಆರಡಿ.

ಅದೇ ಹೊತ್ತಿಗೆ ಆರು ಗಂಟೆ ಹೊಡೆಯಿತು. ದೇವಸ್ಥಾನದ ಹತ್ತಿರದ ಹಳೆಯ ಕಟ್ಟಡದಲ್ಲಿ ಮೇತ್ತನ್ ಮಣಿ ಎಂಬ ಗಡಿಯಾರವಿದೆ, ಸ್ವಾತಿ ತಿರುನಾಳರ ಕಾಲದ್ದು. ಗಡ್ಡದ ಮುಖವೊಂದು, ಪ್ರತಿ ಗಂಟೆಗೂ ಅದು ಬಾಯಿ ತೆರೆಯುತ್ತದೆ, ಎರಡು ಟಗರುಗಳು ಎರಡೂ ಕಡೆಯಿಂದ ಓಡಿಬಂದು ಅದರ ಕೆನ್ನೆಗೆ ಡಿಕ್ಕಿ ಹೊಡೆಯುತ್ತವೆ. ಮಕ್ಕಳಿಗೆ ಅದನ್ನು ತೋರಿಸಬೇಕೆಂದು ನನಗೆ ಎಷ್ಟೋ ದಿನದ ಆಸೆ. “ಟಗರು! ಟಗರು ನೋಡಿ, ಬೇಗ!” ಎಂದು ಕೂಗಿದೆ. ಹೆಂಡತಿ ತುಟಿಯ ಮೇಲೆ ಬೆರಳಿಟ್ಟು ‘ಮೌನ’ ಎಂದಳು. ನಾನು ಇತ್ತ ತಿರುಗುವಷ್ಟರಲ್ಲಿ ಟಗರುಗಳು ಹಿಂದಿರುಗಿದ್ದವು, ಅತ್ತ ತಿರುಗುವಷ್ಟರಲ್ಲಿ ಸೂರ್ಯ ಕೊನೆಯ ಕಿಟಕಿ ದಾಟಿದ್ದ. ಮಕ್ಕಳು ಎರಡನ್ನೂ ನೋಡಿದೆವು ಎನ್ನುತ್ತಾರೆ. ಇರಬಹುದು. ಅವರಿಗೆ ಫೋನ್ ಬಂದಿರಲಿಲ್ಲ.

ಸಾಲು ಮಾತ್ರ ಕರಗಲಿಲ್ಲ. ನಾವು ಐವರೂ ಹೊರಬಂದ ಮೇಲೆ ನಾಗರಕೋಯಿಲಿನವರು ಒಂದು ಹೆಜ್ಜೆ ಮುಂದೆ ಸರಿದರು, ಹಿಂದಿನವರೆಲ್ಲ ಒಂದೊಂದು ಹೆಜ್ಜೆ ಮುಂದೆ ಬಂದರು.

ಮರುದಿನ ದೇವರ ದರ್ಶನ. ಗಂಡಸರು ಅಂಗಿ ಕಳಚಬೇಕು, ಮುಂಡು ಉಡಬೇಕು. ಅಲ್ಲಿ ಪೂಜೆಗೆ ನಿಲ್ಲುವ ನಂಬಿಗಳು ಪರಂಪರೆಯಿಂದ ಕಾಸರಗೋಡಿನ ಚಂದ್ರಗಿರಿ ಹೊಳೆಯ ಆಚೆ ಈಚೆಯವರು, ಅಕ್ಕರೆ ದೇಶಿ, ಇಕ್ಕರೆ ದೇಶಿ ಎಂದು ಕರೆಯುತ್ತಾರೆ. ನಮ್ಮ ಕಡೆಯವರೇ ಎಂದು ಹೆಂಡತಿ ತವರಿಗೆ ಬಂದ ಗತ್ತಿನಲ್ಲೇ ಪ್ರಾಕಾರ ಸುತ್ತಿದಳು. ಸಂಜೆ ನವರಾತ್ರಿ ಮಂಟಪದ ಕಛೇರಿ. ಕನ್ನಡದಲ್ಲೂ ಕೃತಿ ರಚಿಸಿದ ದೊರೆ ಸ್ವಾತಿ ತಿರುನಾಳ್. ನವರಾತ್ರಿಗೆಂದು ಅವರು ಮಾಡಿದ ಒಂಬತ್ತು ಕೃತಿಗಳನ್ನು ಸಂಜೆಗೊಂದರಂತೆ ಇಲ್ಲಿ ಹಾಡುತ್ತಾರೆ. ದನಿ ತುಂಬಿಕೊಳ್ಳಲೆಂದು ಮಾಡಿನಲ್ಲಿ ಮಣ್ಣಿನ ಮಡಕೆಗಳನ್ನು ಬೋರಲಾಗಿ ತೂಗುಹಾಕಿದ್ದಾರೆ. ಶತಮಾನಗಟ್ಟಲೆ ಹೆಂಗಸರಿಗೆ ಇಲ್ಲಿ ಹಾಡಲು ಎಡೆಯಿರಲಿಲ್ಲ. 2006ರಲ್ಲಿ ಪಾರಶ್ಶಾಲ ಪೊನ್ನಮ್ಮಾಳ್ ಕುಳಿತು ಹಾಡಿದ ಮೇಲೆ ಆ ಕಟ್ಟು ಮುರಿಯಿತು. ಸರಸ್ವತಿಯ ಮುಂದೆ ನಡೆಯುವ ಸೇವೆಯಾದ್ದರಿಂದ ಚಪ್ಪಾಳೆ ಇಲ್ಲ. ಫೋನಿಲ್ಲ. ನೆಲದ ಮೇಲೆ ಕೂರಬೇಕು.

ಆ ಸರಸ್ವತಿ ಈ ಊರಿನವಳೂ ಅಲ್ಲ. ಈಗ ತಮಿಳುನಾಡಿಗೆ ಸೇರಿರುವ ಪದ್ಮನಾಭಪುರದ ಅರಮನೆಯಿಂದ ಪ್ರತಿವರ್ಷ ಆನೆಯ ಮೇಲೆ ಬರುತ್ತಾಳೆ. ಜೊತೆಗೆ ವೇಳಿಮಲೆಯ ಕುಮಾರಸ್ವಾಮಿ, ಪಲ್ಲಕ್ಕಿಯಲ್ಲಿ ಶುಚೀಂದ್ರದ ಮುನ್ನೂಟ್ಟಿನಂಗ ದೇವಿ. ಕಾರಿನಲ್ಲಿ ಎರಡು ಗಂಟೆಯ ದಾರಿ. ಇವರು ಒಂದು ರಾತ್ರಿ ಕುಳಿತ್ತುರೈಯಲ್ಲಿ, ಇನ್ನೊಂದು ರಾತ್ರಿ ನೆಯ್ಯಾಟಿಂಕರೆಯಲ್ಲಿ ತಂಗಿ ಮೂರನೆಯ ದಿನಕ್ಕೆ ತಲುಪುತ್ತಾರೆ. ಇದನ್ನು ನಾನು ಅಮ್ಮನಿಗೆ ಕಛೇರಿಗೆ ಮೊದಲೇ ವಿವರಿಸಿದ್ದೆ. ವಿವರಿಸಬಾರದಿತ್ತು.

ಎರಡೂವರೆ ಗಂಟೆ ಅಂಗಿಯಿಲ್ಲದೆ ಕುಳಿತೆ. ಮಗಳು ಅಜ್ಜಿಯ ತೊಡೆಯ ಮೇಲೆ, ಮಗ ನನ್ನ ಹೆಗಲಿನ ಮೇಲೆ ನಿದ್ದೆ ಹೋದರು. ಹೆಂಡತಿ ಕಣ್ಣು ಮುಚ್ಚಿಕೊಂಡು ಬಬಿಯಾನಂತೆ ಕದಲದೆ ಕುಳಿತಿದ್ದಳು. ನನ್ನ ಎಡಗಾಲು ಮಾತ್ರ ಜೋಮು ಹಿಡಿದು ಎಲ್ಲಿದೆಯೆಂದೇ ಗೊತ್ತಾಗದಂತಾಗಿತ್ತು. ಮುಗಿದ ಮೇಲೆ ಏಳಲು ಹೋದರೆ ಮುಂಡು ಒಂದು ಕಡೆ, ಕಾಲು ಒಂದು ಕಡೆ. ಅಲ್ಲಿನ ಹಿರಿಯರೊಬ್ಬರು ನನ್ನ ರಟ್ಟೆ ಹಿಡಿದು ಎಬ್ಬಿಸಿ, ಬಿಡದೆ ಹಿಡಿದುಕೊಂಡೇ ಮಲಯಾಳದಲ್ಲಿ ಏನೋ ಕೇಳಿದರು. ಮರುದಿನ ಬೆಳಗಿನ ರೈಲಿಗೆ ನಮ್ಮ ಐದು ಸೀಟು ಖಾತ್ರಿಯಾಗಿದ್ದವು. ಎಂಟಕ್ಕೆ ಊಟ, ಎಂಟೂವರೆಗೆ ಗೊಂಬೆ ಕಟ್ಟುವುದು, ಒಂಬತ್ತಕ್ಕೆ ನಿದ್ದೆ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ, ಆಗಲೇ ಎಂಟೂವರೆ ದಾಟಿತ್ತು.

“ಏನಂತೆ?” ಎಂದೆ ಹೆಂಡತಿಯನ್ನು.

“ನಾಳೆಯೂ ಬರ್ತೀರಾ ಅಂತ ಕೇಳ್ತಿದ್ದಾರೆ.”

“ಇಲ್ಲ, ಬೆಳಿಗ್ಗೆ ರೈಲಿದೆ ಅಂತ ಹೇಳು.”

“ನಾನು ಹೇಳೋದಕ್ಕೇನೂ ಉಳಿದಿಲ್ಲ,” ಎಂದು ಅವಳು ಅಮ್ಮನ ಕಡೆ ನೋಡಿದಳು. ಅಮ್ಮನಿಗೆ ಮಲಯಾಳ ಬಾರದು. ಆದರೆ ಆ ಹಿರಿಯರ ಮುಂದೆ ಬೆರಳು ಮಡಿಸುತ್ತ, ವಿಜಯದಶಮಿಯ ತನಕ ಒಂದೊಂದೇ ದಿನ ಎಣಿಸಿ, ಪ್ರತಿ ಬೆರಳಿಗೂ ಗಟ್ಟಿಯಾಗಿ ತಲೆಯಾಡಿಸುತ್ತಿದ್ದರು.